ಚಿಕ್ಕಪ್ಪನ ಕಿಟಕಿಗೆ ತಿರುಗಿಸಿದ ಆಂಟೆನಾ

ರೀ,

ನೀವು ಬರುವಷ್ಟರಲ್ಲಿ ನಾನು ಕೆಲಸಕ್ಕೆ ಹೋಗಿರುತ್ತೇನೆ. ಊಟ ಮುಚ್ಚಿಟ್ಟಿದ್ದೇನೆ.

ಮಹಡಿ ಮೇಲಿನ ಹೊಸ ಆಂಟೆನಾ ಮುಟ್ಟಬೇಡಿ, ದಮ್ಮಯ್ಯ. ನೀವು ಹಟ ಹಿಡಿದು ತಂದ ಕೋಲಿನಂಥ ಹಳೆಯ ಆಂಟೆನಾ ನಮ್ಮ ಇಂಟರ್‌ನೆಟ್ಟನ್ನು ಸುತ್ತಲೂ ಚೆಲ್ಲುತ್ತಿತ್ತು, ಎದುರಿನ ಚಿಕ್ಕಪ್ಪನ ಮನೆ ತಲುಪುವಷ್ಟರಲ್ಲಿ ಸೊರಗುತ್ತಿತ್ತು. ಈ ಚಪ್ಪಟೆಯದು ಒಂದೇ ದಿಕ್ಕಿಗೆ ಕಳಿಸುತ್ತದೆ. ನೇರ ಚಿಕ್ಕಪ್ಪನ ಕಿಟಕಿಗೆ ತಿರುಗಿಸಿ ಬಿಗಿದಿದ್ದೇನೆ. ಅದರ ಮುಂದೆ ಬಟ್ಟೆ ಒಣಹಾಕಬೇಡಿ.

ಬೆಳಿಗ್ಗೆ ಚಿಕ್ಕಪ್ಪ ತಮ್ಮ ಕಿವುಡರ ಶಾಲೆಯ ಗೆಳೆಯನಿಗೆ ವಿಡಿಯೊ ಕರೆ ಮಾಡಿದರು. ಇಷ್ಟು ದಿನ ಚಿತ್ರ ನಿಂತುಹೋಗಿ, ಇಬ್ಬರ ಕೈಗಳೂ ಅರ್ಧ ಮಾತಿನಲ್ಲೇ ಕಲ್ಲಾಗುತ್ತಿದ್ದವು. ಇವತ್ತು ಒಂದು ಗಂಟೆ ಮಾತು ಎಲ್ಲೂ ನಿಲ್ಲಲಿಲ್ಲ. ಅಬ್ಬಾ, ಆ ಕೈಗಳನ್ನು ನೀವು ನೋಡಬೇಕಿತ್ತು! ನಮ್ಮೆದುರು ಎರಡು ಸನ್ನೆಯಲ್ಲಿ ಮುಗಿಸುವವರು ವಾದ ಮಾಡಿದರು, ಯಾರನ್ನೋ ಅಣಕಿಸಿದರು, ಹೊಟ್ಟೆ ಹಿಡಿದು ನಕ್ಕರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಇಪ್ಪತ್ತು ವರ್ಷ ಎದುರಿಗಿದ್ದೂ ಅವರು ಇಷ್ಟು ಮಾತುಗಾರರೆಂದು ನಮಗೆ ಗೊತ್ತೇ ಆಗಲಿಲ್ಲವಲ್ಲ!

"ನಿಮ್ಮ ಗೆಳೆಯರು ಏನಂದ್ರು?" ಎಂದು ಹಾಳೆಯಲ್ಲಿ ಬರೆದು ಕೇಳಿದೆ.

"ಮೊದ್ಲು ನೀವಿಬ್ರೂ ನನ್ನ ಭಾಷೆ ಕಲೀರಿ, ಆಮೇಲೆ ಹೇಳ್ತೀನಿ" ಎಂದು ಬರೆದುಕೊಟ್ಟರು.

ಸಂಜೆ ಆರಕ್ಕೆ ಅವರ ಮನೆಯಲ್ಲಿ ಮೊದಲ ಪಾಠ. ಕೈ ತೊಳೆದುಕೊಂಡು ಸಿದ್ಧರಾಗಿರಿ.