ಕಮಲಾಪುರದಲ್ಲಿ ಬಾಯಿಬಿಟ್ಟೆ

೧೨ ಜನವರಿ, ಭಾನುವಾರ

ಪಲ್ಲವಿಯ ನಿಶ್ಚಿತಾರ್ಥ ಮುರಿದದ್ದನ್ನು ಅಣ್ಣನಿಗೆ ಹೇಗೆ ಹೇಳುವುದೆಂಬ ಚಿಂತೆಯೇ ವಾರದಿಂದ ತಲೆಯಲ್ಲಿತ್ತು. ಮದುವೆಯಾದ ಮೇಲೆ ಅವಳು ನೌಕರಿ ಬಿಡಬೇಕೆಂದು ಹುಡುಗ ಹಟ ಹಿಡಿದ. ನನ್ನ ಮಗಳೇ ಬೇಡವೆಂದಳು. ಆ ಸಂಬಂಧ ತಂದವನು ಅಣ್ಣ.

ಇವತ್ತು ಕೈತೋಟದ ಗೆಳತಿಯರೆಲ್ಲ ಕೆಂಪು ಬಾಳೆಯ ಕಂದು ತಂದು ನೆಡಲೆಂದು ಕಮಲಾಪುರಕ್ಕೆ ಹೋಗಿದ್ದೆವು. ಅವರಲ್ಲೊಬ್ಬಳಾದ ಶಾಹಜಾದಿಯ ತವರಿನ ತೋಟ ಅಲ್ಲಿದೆ. ಮೊಮ್ಮಗಳು ಹುಟ್ಟಿದ ಖುಷಿಗೆ ಅವಳು ಎಲ್ಲರಿಗೂ ಖೀರು ಕೊಟ್ಟಳು. ನಾನು ಬಟ್ಟಲು ಕೆಳಗಿಟ್ಟೆ. ಅಲ್ಲೇ ಎಲ್ಲ ಹೇಳಿಬಿಟ್ಟೆ.

ಯಾರೂ ಲೊಚಗುಟ್ಟಲಿಲ್ಲ. "ಹುಡುಗಿ ತಾನ ಬ್ಯಾಡ ಅಂದಾಳಲ್ರೀ, ನೀವ್ಯಾಕ ತಲಿ ತಗ್ಗಸ್ತೀರಿ?" ಎಂದಳು ಸುನಂದಾ. ಶಾಹಜಾದಿ ನನ್ನ ಬಟ್ಟಲಿಗೆ ಇನ್ನಷ್ಟು ಖೀರು ಹಾಕಿದಳು. "ನನ್ನ ತಂಗೀನೂ ಹಿಂಗ ಬ್ಯಾಡ ಅಂದಿದ್ದಳು. ಮಂದಿಗೆ ಅಂಜಿ ನಾವ ಜುಲುಮಿ ಮಾಡಿ ಕೊಟ್ವಿ. ಈಗ ಫೋನಿನ್ಯಾಗ ಅಳ್ತಾಳ."

ಗಾಜಿಪುರದ ನಮ್ಮ ಮನೆ ಮುಟ್ಟಿದವಳೇ ಅಣ್ಣನಿಗೆ ಫೋನ್ ಮಾಡಿದೆ. ಕೂಗಾಡಿದ. "ಬೀಗರಿಗೆ ಏನ್ ಹೇಳ್ಲಿ ನಾ?" ಎಂದ.

"ನಮ್ಮ ಹುಡುಗಿ ಒಲ್ಲೆ ಅಂದಳು ಅಂತ ಹೇಳಣ್ಣ" ಎಂದೆ. ನನ್ನ ದನಿ ನಡುಗಲಿಲ್ಲ. ಅವನು ಮತ್ತೆ ಕೂಗಾಡದೆ ಫೋನ್ ಇಟ್ಟ.

ಪಲ್ಲವಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟವಳು ಹಾಗೇ ನಿದ್ದೆ ಹೋಗಿದ್ದಾಳೆ. ಕಾಲು ಜೋಮು ಹಿಡಿದಿದೆ, ಎಬ್ಬಿಸಲು ಮನಸ್ಸಿಲ್ಲ.