ದಾಂಪತ್ಯ ಮುಗಿದ ದಿನಾಂಕ

ಪಿಂಚರ್ಸ್ ಕೋವ್, ನ್ಯೂಫೌಂಡ್‌ಲ್ಯಾಂಡ್
ಮೇ 11, 2024, ಶನಿವಾರ

ಪ್ರೀತಿಯ ಯೂನಿಸ್,

ನೀನು, ಕ್ಲಾರೆನ್ಸ್, ಮೊಮ್ಮಕ್ಕಳು ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಬಂದ ದಿನವೇ ಉತ್ತರ ಬರೆಯಬೇಕಿತ್ತು. ಬರೆಯಲು ಕೂತಾಗಲೆಲ್ಲ ಒಲೆ ಒರೆಸುವುದೋ ಪರದೆ ಒಗೆಯುವುದೋ ನೆನಪಾಗಿ ಎದ್ದು ಹೋಗುತ್ತಿದ್ದೆ. ಈ ಮನೆ ಇಷ್ಟು ಚೊಕ್ಕಟವಾಗಿ ನಿನ್ನ ಅಮ್ಮನ ಕಾಲದಲ್ಲೂ ಇದ್ದಿರಲಾರದು. ಫೋನು ಮಾಡಬಹುದಿತ್ತಲ್ಲ ಅನ್ನುತ್ತೀಯ. ನಿನ್ನ ಗಂಡ ಫೋನನ್ನು ಸ್ಪೀಕರಿಗೆ ಹಾಕಿ ನಿಮ್ಮ ಆಲ್ಬರ್ಟಾ ಪ್ರಾಂತ್ಯಕ್ಕೆಲ್ಲ ಕೇಳಿಸುವ ಮನುಷ್ಯ. ಈ ಮಾತು ಅವನ ಟೀವಿ ಕೋಣೆಯಲ್ಲಿ ಮೊಳಗುವುದು ನನಗೆ ಬೇಡ.

ಊರಿನ ಸುದ್ದಿ ಮೊದಲು. ಕೊಲ್ಲಿಯ ಮಂಜುಗಡ್ಡೆ ಹೋದ ವಾರವಷ್ಟೇ ಸರಿಯಿತು. ಏಡಿ ದೋಣಿಗಳು ಹೋಗಿ ಬರುತ್ತಿವೆ, ಫ್ಯಾಕ್ಟರಿಯಲ್ಲಿ ಎರಡು ಪಾಳಿ ನಡೆಯುತ್ತಿದೆ. ಎಫ್ರೆನ್‌ಗೆ ಬೆಳಗಿನ ಪಾಳಿ ಸಿಕ್ಕಿದೆ. ಎದುರು ಮನೆಯ ಹೆಡ್ಲಿ ಮಾಮನಿಗೆ ಎಂಬತ್ತಾರು ತುಂಬಿತು. ಕಿವಿ ಮುಕ್ಕಾಲು ಹೋಗಿದೆ, ಕಣ್ಣು ಮಾತ್ರ ಹದ್ದಿನದು, ಕಿಟಕಿ ಬಿಟ್ಟು ಏಳುವುದಿಲ್ಲ. ನಾವು ಏಡಿಯ ಕಾಲು ತಿಂದು ಚಿಪ್ಪು ಎಸೆಯುವವರಲ್ಲವೇ? ಎಫ್ರೆನ್ ಆ ಚಿಪ್ಪಿನೊಳಗಿನ ಹಳದಿಯನ್ನು ಬೆಳ್ಳುಳ್ಳಿ ಹಾಕಿ ಹುರಿದು ಅನ್ನಕ್ಕೆ ಕಲಸುತ್ತಾನೆ. ಹೆಡ್ಲಿ ಮಾಮ ಈಗ ಬಟ್ಟಲು ಹಿಡಿದೇ ಬರುತ್ತಾನೆ. "ಎಂಬತ್ತಾರು ವರ್ಷ ರುಚಿ ಬಿಸಾಕಿ ಕಾಲು ಚೀಪ್ತಾ ಕೂತಿದ್ವಲ್ಲೇ ಡಲ್ಸಿ" ಎಂದು ಮೊನ್ನೆ ನಿಜವಾಗಿಯೂ ಬೇಸರ ಮಾಡಿಕೊಂಡ.

ಇನ್ನು ವಿಷಯಕ್ಕೆ ಬರುತ್ತೇನೆ.

ಎಫ್ರೆನ್‌ನ ಕೆಲಸದ ಪರವಾನಗಿ ಜೂನ್ ಮೂವತ್ತಕ್ಕೆ ಮುಗಿಯುತ್ತದೆ. ಫ್ಯಾಕ್ಟರಿಯವರು ಈ ಸಲ ಯಾರದನ್ನೂ ಮುಂದುವರಿಸುವುದಿಲ್ಲವಂತೆ. ಅಷ್ಟರೊಳಗೆ ನಾನು ಅವನನ್ನು ನನ್ನ ಸಂಗಾತಿಯೆಂದು ಅರ್ಜಿ ಹಾಕದಿದ್ದರೆ ಅವನು ತನ್ನ ಊರು ಇಲೋಇಲೋಗೆ ವಾಪಸು ಹೊರಡಬೇಕು. ಅವನಿಗೆ ಐವತ್ತಾರು. ಒಂದು ಸಲ ಹೋದವನನ್ನು ಮತ್ತೆ ಕರೆಸಿಕೊಳ್ಳುವವರು ಯಾರು? ಮದುವೆಯಾಗಿಬಿಡಿ ಎಂದು ಪೋಸ್ಟಾಫೀಸಿನ ಮಿಲ್ಡ್ರೆಡ್ ಸುಲಭವಾಗಿ ಹೇಳಿದಳು. ಅವನ ಹೆಂಡತಿ ಅವನನ್ನು ಬಿಟ್ಟು ದುಬೈಗೆ ಹೋಗಿ ಇಪ್ಪತ್ತೊಂದು ವರ್ಷವಾಯಿತು, ಆದರೆ ಅವರ ದೇಶದಲ್ಲಿ ವಿಚ್ಛೇದನ ಎಂಬುದೇ ಇಲ್ಲ. ಇಲ್ಲಿ ಕೋರ್ಟಿಗೆ ಹೋಗಬಹುದಂತೆ. ಆದರೆ ಅವಳಿಗೆ ನೋಟಿಸು ಮುಟ್ಟಿಸಬೇಕು, ಅವಳೆಲ್ಲಿದ್ದಾಳೆಂದು ಅವಳ ತಾಯಿಗೂ ಗೊತ್ತಿಲ್ಲ. ಜೂನಿನೊಳಗೆ ಮುಗಿಯುವ ಮಾತಲ್ಲ.

ಹಾಗಾಗಿ ಉಳಿದದ್ದು ಒಂದೇ ದಾರಿ. ಒಂದೇ ಸೂರಿನಡಿ ಹನ್ನೆರಡು ತಿಂಗಳು ಬಿಡದೆ ಗಂಡಹೆಂಡಿರಂತೆ ಬಾಳಿದ್ದೇವೆಂದು ತೋರಿಸಬೇಕು. ಬಾಳಿದ್ದೇವೆ, ಯೂನಿಸ್. ನಿನಗೆ ಅದು ಗೊತ್ತು. ಜನವರಿಯಲ್ಲಿ ನನ್ನ ಕೈಹಿಡಿದಿದ್ದ ನಿನ್ನ ಅಣ್ಣನ ಮಣ್ಣಿಗೆ ಬಂದಾಗ, ಬೀಟ್ರಿಸ್ ಅತ್ತೆ ಬಚ್ಚಲಿಗೆ ಹೋಗುವ ಮುಂಚೆ ನೀನು ಒಳಗೆ ಹೋಗಿ ಕನ್ನಡಿಯ ಮುಂದಿದ್ದ ಎಫ್ರೆನ್‌ನ ರೇಜರು, ಬ್ರಷ್ಷು ಎಲ್ಲ ಎತ್ತಿ ಟವೆಲುಗಳ ಹಿಂದೆ ಇಟ್ಟೆ. ಒಂದು ಮಾತೂ ಆಡಲಿಲ್ಲ. ಅವತ್ತು ನಿನ್ನ ಕಾಲಿಗೆ ಬೀಳಬೇಕೆನಿಸಿತ್ತು.

ಈ ಊರೇ ಹಾಗೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನಂತೆ ನಾವಿಬ್ಬರೂ ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದೆವು. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಯಾರೂ ಬಾಯಿ ಬಿಡಲಿಲ್ಲ, ಅದು ಅವರು ನನಗೆ ಕೊಟ್ಟ ಮರ್ಯಾದೆ. ಈಗ ಅದೇ ಮರ್ಯಾದೆ ಕುತ್ತಿಗೆಗೆ ಬಂದಿದೆ. ನಾವಿಬ್ಬರೂ ಇರುವ ಫೋಟೋಗಳಲ್ಲೆಲ್ಲ ನಡುವೆ ಒಂದು ಕುರ್ಚಿ ಹಿಡಿಸುವಷ್ಟು ಜಾಗವಿದೆ. ಬಾಡಿಗೆಗೆ ಬಂದ ದಿನದಿಂದ ಅವನ ಅಂಚೆಯೆಲ್ಲ ಇದೇ ವಿಳಾಸಕ್ಕೆ ಬಂದಿದೆ ನಿಜ, ಬಾಡಿಗೆಯವನ ಅಂಚೆಯೂ ಹಾಗೇ ಬರುತ್ತದಲ್ಲ. ಕಳೆದ ವರ್ಷದ ಮಾರ್ಚ್‌ವರೆಗೆ ಅವನು ನನ್ನನ್ನು ಮೇಡಂ ಎನ್ನುತ್ತಿದ್ದ, ಆಮೇಲೆ ಡಲ್ಸಿ ಎಂದ. ಇದಕ್ಕೆ ಯಾವ ಇಲಾಖೆ ರಸೀದಿ ಕೊಡುತ್ತದೆ?

ಹೆಡ್ಲಿ ಮಾಮ ಕೇಳದೆಯೇ ಒಂದು ಸಾಕ್ಷಿಪತ್ರ ಬರೆದು ತಂದ. "ಓದು" ಎಂದು ಎದುರಿಗೇ ಕೂತ. ಗುಂಡುಗುಂಡು ಅಕ್ಷರದಲ್ಲಿ ಬರೆದಿದ್ದ: ಎದುರು ಮನೆಯ ಮಾಳಿಗೆಯಲ್ಲಿ ರಾತ್ರಿ ಎರಡು ಕಿಟಕಿಗಳಲ್ಲಿ ದೀಪ ಉರಿಯುತ್ತಿತ್ತು, 2023ರ ಮಾರ್ಚ್ ಮೊದಲ ವಾರದಿಂದ ಒಂದೇ ಕಿಟಕಿಯಲ್ಲಿ ಉರಿಯುತ್ತಿದೆ, ಇವತ್ತಿನವರೆಗೂ ಅದರಲ್ಲಿ ಬದಲಾವಣೆ ಇಲ್ಲ. ನನ್ನ ಕಿವಿಯೆಲ್ಲ ಬಿಸಿಯಾಯಿತು.

"ಮಾಮ, ಇಷ್ಟೆಲ್ಲಾ ನೋಡ್ತಾ ಕೂತಿದ್ಯಾ ನೀನು?"

"ಮತ್ತೇನ್ಮಾಡ್ಲಿ? ಟೀವಿ ಕೆಟ್ಟು ಮೂರು ವರ್ಷ ಆಯ್ತು" ಎಂದ.

ನೀನು ಕಳಿಸಿದ ಸಾಕ್ಷಿಪತ್ರವನ್ನು ನಾನು ಪೋಸ್ಟಾಫೀಸಿನ ಬಾಗಿಲಲ್ಲೇ ಒಡೆದು ಓದಿದೆ. "ನನ್ನ ಅಣ್ಣ ಲಿಯಾಂಡರನ ಕೊನೆಯುಸಿರಿನವರೆಗೂ ಡಲ್ಸಿ ಅವನ ನಿಷ್ಠೆಯ ಹೆಂಡತಿಯಾಗಿದ್ದಳು. ಎಫ್ರೆನ್ ಆ ಮನೆಯ ಬಾಡಿಗೆಯವನಷ್ಟೇ. ಅವರ ಸಂಬಂಧ ಶುರುವಾದದ್ದು ಅಣ್ಣ ತೀರಿಕೊಂಡ ಮೇಲೆಯೇ ಎಂದು ದೇವರ ಸಾಕ್ಷಿಯಾಗಿ ಹೇಳುತ್ತೇನೆ." ಪ್ರಮಾಣಾಧಿಕಾರಿಯ ಮುಂದೆ ಸಹಿ, ಮೊಹರು ಎಲ್ಲ ಹಾಕಿಸಿದ್ದೆ. ಚರ್ಚಿಗೆ ತಪ್ಪದ ಯೂನಿಸ್, ಆರನೇ ತರಗತಿಯಲ್ಲಿ ನಾನು ಪೆನ್ಸಿಲು ಕದ್ದದ್ದನ್ನು ಮುಚ್ಚಿಡಲಾರದೆ ಟೀಚರಿಗೆ ಹೇಳಿದ ಯೂನಿಸ್, ನನಗಾಗಿ ದೇವರ ಹೆಸರಿನಲ್ಲಿ ಸುಳ್ಳು ಬರೆದಿದ್ದಾಳೆ. ನಾನು ಅಲ್ಲೇ ಅತ್ತುಬಿಟ್ಟೆ.

ಗುರುವಾರ ಅದನ್ನು ಗ್ಲೆಂಡಾ ಹತ್ತಿರ ಒಯ್ದೆ. ಚರ್ಚಿನ ನೆಲಮಾಳಿಗೆಯಲ್ಲಿ ವಾರಕ್ಕೊಮ್ಮೆ ಕೂತು ಫ್ಯಾಕ್ಟರಿಯವರ ಅರ್ಜಿಗಳನ್ನೆಲ್ಲ ತುಂಬಿಕೊಡುವ ಹುಡುಗಿ ಅವಳು. ಚುರುಕು, ನಾಲಿಗೆಯೂ ಚುರುಕು. ನಿನ್ನ ಪತ್ರವನ್ನು ಎರಡು ಸಲ ಓದಿ ಕನ್ನಡಕ ತೆಗೆದಳು.

"ಇವರಿಗೂ ನಿಮಗೂ ಆಗಲ್ವಾ?"

"ಅಯ್ಯೋ, ನನ್ನ ನಾದಿನಿ ಕಣಮ್ಮ. ನನ್ನ ಪ್ರಾಣ ಅವಳು."

"ಹಾಗಾದ್ರೆ ನಿಮ್ಮ ಶತ್ರುಗಳು ಏನು ಬರೀತಾರೋ ನೋಡಬೇಕು. ಜನವರಿಯಿಂದ ಜೂನ್‌ಗೆ ಐದೂವರೆ ತಿಂಗಳು ಆಂಟಿ. ಬೇಕಾಗಿರೋದು ಹನ್ನೆರಡು."

ಹಾಗಾದರೆ ಇದನ್ನು ಅರ್ಜಿಯೊಳಗೆ ಇಡುವುದೇ ಬೇಡ ಎಂದೆ. ಅಷ್ಟು ಸಾಲದು ಎಂದು ಅವಳು ತಲೆಯಾಡಿಸಿದಳು. ಮೊದಲ ಗಂಡ ಬದುಕಿದ್ದಾಗಲೇ ಇನ್ನೊಬ್ಬರ ಜೊತೆ ಸಂಸಾರ ಮಾಡಿದ್ದು ಲೆಕ್ಕಕ್ಕೆ ಬರಬೇಕಾದರೆ ಆ ಮೊದಲ ದಾಂಪತ್ಯ ಆಗಲೇ ಮುರಿದಿತ್ತು ಎಂದು ತೋರಿಸಬೇಕಂತೆ. ನಾನೋ, ಮರೆವಿನ ಕಾಯಿಲೆಯ ನಿನ್ನ ಅಣ್ಣನಿದ್ದ ಆರೈಕೆ ಮನೆಗೆ ಎರಡು ವರ್ಷ ಸಂಜೆ ತಪ್ಪದೆ ಹೋಗಿ ಅಲ್ಲಿನ ಪುಸ್ತಕದಲ್ಲಿ ಸಹಿ ಹಾಕಿ ಪಕ್ಕದಲ್ಲಿ 'ಹೆಂಡತಿ' ಎಂದು ಬರೆದವಳು. "ನೀವು ಒಳ್ಳೆಯವರಾಗಿದ್ದೇ ನಿಮಗೆ ಮುಳುವು. ಗಂಡನ ಮನೆ ಕಡೆಯವರು ಒಬ್ಬರಾದ್ರೂ 'ಹೌದು, ಆ ಮದುವೆ ಮುಗಿದಿತ್ತು' ಅಂತ ಹೇಳಬೇಕು" ಎಂದಳು. ಆಮೇಲೆ ಪೆನ್ನು ತೆರೆದು ಕೇಳಿದಳು:

"ಲಿಯಾಂಡರ್ ಅಂಕಲ್ ಜೊತೆ ನಿಮ್ಮ ದಾಂಪತ್ಯ ಮುಗಿದದ್ದು ಯಾವತ್ತು? ದಿನಾಂಕ ಹೇಳಿ."

"ಮುಗೀಲೇ ಇಲ್ಲ ಗ್ಲೆಂಡಾ."

"ಮತ್ತೆ ಎಫ್ರೆನ್ ಯಾರು?"

"ಅವನೂ ಗಂಡನೇ."

"ಆಂಟಿ, ಎರಡೂ ಬರೆಯೋಕೆ ಇಲ್ಲಿ ಜಾಗ ಇಲ್ಲ."

ಮನೆಗೆ ಬಂದು ಎಫ್ರೆನ್‌ಗೆ ಹೇಳಿದೆ. ಅವನು ಬೂಟು ಬಿಚ್ಚುತ್ತಿದ್ದವನು ಹಾಗೇ ಕೂತ. "ಬಿಟ್ಟುಬಿಡು ಡಲ್ಸಿ. ಸತ್ತವನನ್ನ ನೀನು ಬಿಟ್ಟಿದ್ದೆ ಅಂತ ನಿನ್ನ ಕೈಯಲ್ಲಿ ಬರೆಸಿ ನಾನು ಇಲ್ಲಿ ಇರಬೇಕಾ? ನಾನು ಊರಿಗೆ ಹೋಗ್ತೀನಿ" ಎಂದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಹೋಗು, ಹೋಗು. ನಿನ್ನ ಕೈಯಲ್ಲಿರೋದು ಅದೊಂದೇ ಅಲ್ವಾ, ಒಳ್ಳೆಯವನ ಥರ ಹೊರಟುಹೋಗೋದು!" ಎಂದು ಕೂಗಿದೆ. ರಾತ್ರಿ ಇಬ್ಬರೂ ಊಟ ಮಾಡಲಿಲ್ಲ. ಬೆಳಿಗ್ಗೆ ನೋಡಿದರೆ ನನ್ನ ಚಹಾ ಮಾಡಿಟ್ಟು ಮೇಲೆ ತಟ್ಟೆ ಮುಚ್ಚಿ ಪಾಳಿಗೆ ಹೋಗಿದ್ದ.

ಅವನ ಬಗ್ಗೆ ನಿನಗೆ ಎಷ್ಟು ಗೊತ್ತೋ ತಿಳಿಯದು, ಸ್ವಲ್ಪ ಹೇಳುತ್ತೇನೆ. ಹಿಮದಲ್ಲಿ ನನಗೆ ಗಾಡಿ ಓಡಿಸಲು ಭಯವೆಂದು ಅವನೇ ನನ್ನನ್ನು ಆರೈಕೆ ಮನೆಗೆ ಕರೆದೊಯ್ಯುತ್ತಿದ್ದ, ಹೋಗುವುದು ನಲವತ್ತು ನಿಮಿಷ, ಬರುವುದು ನಲವತ್ತು ನಿಮಿಷ. ಮೊದಮೊದಲು ಗಾಡಿಯಲ್ಲೇ ಕೂತಿರುತ್ತಿದ್ದ. ಒಂದು ದಿನ ನರ್ಸುಗಳು ಗಡ್ಡ ಬೋಳಿಸಲು ಬಂದರೆ ಲಿಯಾಂಡರ್ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತಿದ್ದ, ನಾನು ಹೊರಗೆ ಓಡಿ ಇವನನ್ನು ಕರೆದೆ. ಇವನು ಬಂದು ಮೊದಲು ತನ್ನ ಕೆನ್ನೆಗೇ ನೊರೆ ಹಚ್ಚಿಕೊಂಡ. ನಿನ್ನ ಅಣ್ಣ ಅದನ್ನು ನೋಡಿ ನಕ್ಕು ಕೆನ್ನೆ ಒಡ್ಡಿದ. ಆಮೇಲೆ ವಾರಕ್ಕೆರಡು ಸಲ ಇವನೇ ಬೋಳಿಸಿದ. ಪೆಟ್ಟಿಗೆಯಲ್ಲಿ ಮಲಗಿಸಿದಾಗ ಅಣ್ಣನ ಮುಖ ಎಷ್ಟು ಲಕ್ಷಣವಾಗಿದೆ ಎಂದೆಯಲ್ಲ, ಅವತ್ತು ಬೋಳಿಸಿದವನೂ ಇವನೇ.

ಇದರಲ್ಲಿ ಯಾವುದು ಕಳ್ಳತನ, ಯಾವುದು ಸಂಸಾರ ಎಂದು ನಾನು ಯೋಚಿಸಿ ಯೋಚಿಸಿ ಸೋತಿದ್ದೇನೆ. ನಿನ್ನ ಅಣ್ಣನಿಗೆ ನಾನು ಏನೂ ಕಡಿಮೆ ಮಾಡಲಿಲ್ಲ. ಆದರೆ ಮನೆಗೆ ಬಂದರೆ ಮಾತಾಡಿದ್ದಕ್ಕೆ ಉತ್ತರ ಬರುವ ಒಂದು ಜೀವ ಬೇಕಿತ್ತು ನನಗೆ. ಅದನ್ನು ಹೇಳಲು ನಾಚಿಕೆಯಿಲ್ಲ, ದುಃಖವಿದೆ. ಅವನು ಹೊರಟುಹೋದರೆ ಈ ಮನೆಯಲ್ಲಿ ನಾನು ಒಲೆ ಒರೆಸಿಕೊಂಡೇ ಸಾಯುತ್ತೇನೆ.

ಅದಕ್ಕೇ ನಿನ್ನ ಪತ್ರವನ್ನು ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ತಪ್ಪು ತಿಳಿಯಬೇಡ. ಇನ್ನೊಂದು ಬರೆದುಕೊಡು, ಈ ಸಲ ನಿಜ ಬರೆ. 2023ರ ಮಾರ್ಚ್‌ನಿಂದ ನಾನೂ ಎಫ್ರೆನ್ನೂ ಗಂಡಹೆಂಡಿರಂತೆ ಇದ್ದೇವೆಂದೂ ಅದಕ್ಕೆ ಮೊದಲೇ ನಿನ್ನ ಅಣ್ಣನ ಜೊತೆಗಿನ ದಾಂಪತ್ಯ ಮುಗಿದಿತ್ತೆಂದೂ ಬರೆ. ಒಬ್ಬ ತಂಗಿಗೆ ಇದು ಎಂಥ ಮಾತು ಎಂದು ನನಗೆ ಗೊತ್ತು. ಚರ್ಚಿನಲ್ಲಿ ನಿಂತು ಎಲ್ಲರೆದುರು ನನ್ನನ್ನು ಹೊಗಳಿದ ಬಾಯಿ ನಿನ್ನದು. ಆಗದಿದ್ದರೆ ಆಗದು ಎಂದು ಒಂದು ಸಾಲು ಬರೆ ಸಾಕು, ನಮ್ಮ ನಡುವೆ ಏನೂ ಬದಲಾಗುವುದಿಲ್ಲ. ಐವತ್ತು ವರ್ಷ ಜೊತೆಗಿದ್ದವರು ನಾವು, ಒಂದು ಅರ್ಜಿಗೆ ಮುರಿಯುವಂಥವರಲ್ಲ.

ಕ್ಲಾರೆನ್ಸನ ಮೊಣಕಾಲು ಹೇಗಿದೆ? ದೊಡ್ಡ ಮೊಮ್ಮಗಳು ಈ ಸಲ ಶಾಲೆ ಮುಗಿಸುತ್ತಾಳಲ್ಲವೇ, ಅವಳಿಗೆ ಒಳ್ಳೆಯದಾಗಲಿ, ಓದಿನಲ್ಲೂ ಬಾಳಿನಲ್ಲೂ. ಚಿಕ್ಕವನಿಗೆ ಹೆಣೆದ ಕೈಗವಸು ಬೇರೆ ಪೊಟ್ಟಣದಲ್ಲಿ ಬರುತ್ತದೆ. ನಿಮ್ಮ ಮನೆಯನ್ನೂ ಮನಸ್ಸನ್ನೂ ದೇವರು ಬೆಚ್ಚಗಿಡಲಿ.

ಎಂದಿನಂತೆ ನಿನ್ನ,
ಡಲ್ಸಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಲಕೋಟೆ ಅಂಟಿಸಿದ್ದವಳು ಮತ್ತೆ ಬಿಡಿಸಿದ್ದೇನೆ. ಗ್ಲೆಂಡಾ ಕೇಳಿದಾಗ ದಾಂಪತ್ಯ ಮುಗಿಯಲೇ ಇಲ್ಲ ಎಂದೆನಲ್ಲ, ಅದು ಸುಳ್ಳು. ದಿನಾಂಕವಿದೆ. ಫೆಬ್ರವರಿ 19, 2023, ಭಾನುವಾರ. ಎಫ್ರೆನ್‌ಗೂ ಇದನ್ನು ಹೇಳಿಲ್ಲ.

ಅವತ್ತು ನಾನು ಹೋದಾಗ ನಿನ್ನ ಅಣ್ಣ ಒಬ್ಬ ಹೆಂಗಸಿನ ಕೈ ಹಿಡಿದುಕೊಂಡು ಕಿಟಕಿಯ ಬಳಿ ಕೂತಿದ್ದ. ಅವಳೂ ಅಲ್ಲಿಯೇ ಇದ್ದವಳು, ಫ್ಲೋ ಎಂದು ಹೆಸರು, ಅವಳಿಗೂ ಅದೇ ಮರೆವಿನ ಕಾಯಿಲೆ. ನನ್ನನ್ನು ಕಂಡು ಮರ್ಯಾದೆಯಿಂದ ಎದ್ದು ನಿಂತ. "ಬನ್ನಿ, ಬನ್ನಿ. ಇವಳು ನನ್ನ ಹೆಂಡತಿ, ಡಲ್ಸಿ. ನೀವು ಯಾರ ಕಡೆಯವರು?" ಎಂದ. ಮುಖದಲ್ಲಿ ಎಷ್ಟು ಸಂತೋಷ, ಯೂನಿಸ್! ಅವನು ಡಲ್ಸಿಯನ್ನು ಬಿಟ್ಟಿರಲಿಲ್ಲ. ನಾನು ಅವಳಾಗಿರಲಿಲ್ಲ ಅಷ್ಟೆ. ತುತ್ತು ಕೊಡಲು ಹೋದರೆ, "ಬೇಡಮ್ಮ, ನನ್ನ ಹೆಂಡತಿ ಇದಾಳಲ್ಲ" ಎಂದು ಬಾಯಿ ಬಿಗಿದ. ಮಾರನೆಯ ದಿನವೂ ಹಾಗೇ, ಅದರ ಮಾರನೆಯ ದಿನವೂ ಹಾಗೇ. ನಾಲ್ಕನೆಯ ದಿನ ಬೇರೆ ದಾರಿ ಕಾಣದೆ, "ನಾನು ಕಣೋ ಅಣ್ಣ, ಯೂನಿಸ್" ಎಂದೆ. ಬಾಯಿ ತೆರೆದ.

ಅಲ್ಲಿಂದ ಹನ್ನೊಂದು ತಿಂಗಳು ನಾನು ನೀನಾಗಿ ಅವನಿಗೆ ಉಣ್ಣಿಸಿದೆ. ಕೊನೆಗಾಲದಲ್ಲಿ ಅಣ್ಣನ ಹತ್ತಿರ ಇರಲಾಗಲಿಲ್ಲ ಎಂದು ನೀನು ಮಣ್ಣಿನ ದಿನ ಎದೆ ಬಡಿದುಕೊಂಡು ಅತ್ತಾಗ ಇದನ್ನು ಹೇಳಬೇಕಿತ್ತು. ಹೇಳಿದ್ದರೆ ನಿನ್ನ ಸಂಕಟ ಅರ್ಧವಾಗುತ್ತಿತ್ತು. ಆದರೆ ಅವನ ಹೆಂಡತಿಯೆಂದು ಅಳಲು ನನಗೆ ಉಳಿದಿದ್ದದ್ದು ಆ ಒಂದು ದಿನ, ಅದನ್ನೂ ನಿನಗೆ ಕೊಡಲು ಮನಸ್ಸಾಗಲಿಲ್ಲ. ಕ್ಷಮಿಸು.

ಕೊನೆಯ ಬೆಳಿಗ್ಗೆ ಅವನು ಕಣ್ಣು ಬಿಟ್ಟು ನನ್ನ ಕೈ ಹಿಡಿದ. "ಯೂನಿಸ್, ಡಲ್ಸಿ ಮನೇಲಿ ಒಬ್ಬಳೇ ಇದಾಳೆ ಕಣೇ. ನೋಡ್ಕೋ" ಎಂದ. ಹೂಂ ಅಂದೆ. ಅದು ನಿನಗೆ ಹೇಳಿದ ಮಾತು, ತಲುಪಿಸಲು ನಾಲ್ಕು ತಿಂಗಳು ತಡಮಾಡಿದೆ.