ನೀಲಿ ಪುಟ್ಟಿಯ ಮೇಲಿನ ಹೆಬ್ಬೆಟ್ಟು

ಹೊಳನಗದ್ದೆ
೧೮ ಆಗಸ್ಟ್ ೨೦೨೪

ಪ್ರೀತಿಯ ಕಮಲಿ,

ಧಾರೇಶ್ವರದಲ್ಲಿ ಅಮ್ಮನ ಕೈಯ ಗಂಜಿ ಉಂಡು ಸ್ವಲ್ಪ ಮೈ ತುಂಬಿಕೊಂಡಿದ್ದೀಯ ಎಂದುಕೊಂಡಿದ್ದೇನೆ. ಐದು ವಾರ ಒಂದು ಸಾಲೂ ಬರೆಯಲಿಲ್ಲ, ಬೈದುಕೋ. ಫೋನು ಎತ್ತಿಕೊಂಡರೆ ನಿನ್ನ ಹೆಸರಿನ ತನಕ ಹೋಗಿ ಬೆರಳು ನಿಂತುಬಿಡುತ್ತದೆ. ಅದಕ್ಕೇ ಈ ಕಾಗದ.

ನಮ್ಮ ಬಟ್ಟಲಿನ ಶೆಡ್ಡು ನಡೆಯುತ್ತಿದೆ. ಮರ ಕಡೆಯಲು ನಾನಿದ್ದೇನೆ, ಬಣ್ಣ ತುಂಬಲು ಜನ ಇಲ್ಲ. ಎಪಾಕ್ಸಿ ಪುಟ್ಟಿಯ ಎರಡು ಕಡ್ಡಿಗಳನ್ನು ನಾನೇ ನಾದಲು ಹೋಗಿ, ಎಲ್ಲೋ ನೀಲಿ ಎಲ್ಲೋ ಬಿಳಿ ಆಗಿ, ಅರ್ಧ ಗಂಟೆಯಲ್ಲಿ ಕಲ್ಲಾಯಿತು. ಪಕ್ಕದ ಮನೆಯ ಗಣಪಿ ನೋಡಿ, "ಎಂತದೇ ಇದು, ಕೋಳಿ ಹಿಕ್ಕೆಯಾ?" ಎಂದು ನಕ್ಕಳು. ಚಪಾತಿ ಹಿಟ್ಟಿನ ಹದಕ್ಕೆ ತಂದು, ಮರದ ಗೀರಿನೊಳಗೆ ಹೆಬ್ಬೆಟ್ಟಿನಿಂದ ಒತ್ತಿ ಕೂರಿಸುವುದು ನಿನಗೊಬ್ಬಳಿಗೇ ಗೊತ್ತು.

ಏಳು ವರ್ಷದ ರೂಢಿ ಬಿಟ್ಟಿಲ್ಲ ನೋಡು. ಮರ ತಿರುಗಿಸುವ ಲೇತಿನ ಸ್ವಿಚ್ ಒತ್ತುವ ಮೊದಲು ಈಗಲೂ "ಕೈ ತೆಗಿ" ಎಂದು ಕೂಗುತ್ತೇನೆ. "ತೆಗ್ದೆ" ಎನ್ನುವವಳು ಇಲ್ಲ. ಆದರೂ ಒಂದು ಗಳಿಗೆ ಕಾಯುತ್ತೇನೆ.

ನಿನ್ನೆ ಬೆಳಿಗ್ಗೆ ಆ ಭಟ್ಕಳದವರ ಮದುವೆ ಬಟ್ಟಲನ್ನು ಮುಗಿಸೋಣವೆಂದು ಲೇತಿನ ಮೇಲಿನ ಗೋಣಿ ಸರಿಸಿದೆ. ಅವತ್ತು ಅರ್ಧಕ್ಕೆ ನಿಂತ ಹಲಸಿನ ಬಟ್ಟಲು ಅಲ್ಲೇ ಸಿಕ್ಕಿಸಿದ ಹಾಗೇ ಇತ್ತು. ಉಬ್ಬಿದ ಪುಟ್ಟಿಯನ್ನು ಉಳಿಯಿಂದ ಹೆರೆದು ಮರದ ಮಟ್ಟಕ್ಕೆ ತಂದರೆ ಆಯಿತು, ಎರಡು ನಿಮಿಷದ ಕೆಲಸ. ಉಳಿ ಇಡಬೇಕು, ಆಗ ಕಂಡಿತು. ನೀಲಿಯ ಮೇಲೆ ಹೆಬ್ಬೆಟ್ಟಿನ ಗುರುತು! ಸುತ್ತುಸುತ್ತಾದ ಗೆರೆಗಳು, ನಡುವೆ ಅಡ್ಡಕ್ಕೆ, ನೀನು ಬಂಗಡೆ ಮೀನು ಕೊಯ್ಯುವಾಗ ಮೆಟ್ಟುಗತ್ತಿ ತಾಗಿದ ಆ ಹಳೆಯ ಗಾಯದ ಗೀರು.

ಕಮಲಿ, ತಿರುಗುವ ಬಟ್ಟಲಿಗೂ ಲೇತಿನ ಕಬ್ಬಿಣಕ್ಕೂ ನಡುವೆ ಸಿಕ್ಕಿ ಜಜ್ಜಿಹೋಯಿತೆಂದು ಡಾಕ್ಟರು ಬುಡದಲ್ಲೇ ತೆಗೆದ ಬೆರಳು ಅದು. ನಿನ್ನ ಕೈಯಲ್ಲಿಲ್ಲದ್ದು ನನ್ನೆದುರಿಗಿತ್ತು. ಉಳಿ ಜಾರಿ ಕಾಲಿನ ಹತ್ತಿರವೇ ಬಿತ್ತು. ಮಧ್ಯಾಹ್ನದ ತನಕ ಮರದ ಹೊಟ್ಟಿನ ಮೇಲೆ ಕೂತೇ ಇದ್ದೆ, ಊಟವೂ ನೆನಪಾಗಲಿಲ್ಲ. ಆಮೇಲೆ ಗಿರಾಕಿಗೆ ಫೋನು ಮಾಡಿ, ಆ ಬಟ್ಟಲು ಕೊಡುವುದಿಲ್ಲ, ಬೇರೆ ಮಾಡಿಕೊಡುತ್ತೇನೆ ಎಂದೆ.

ಮೊನ್ನೆ ಕುಮಟೆ ಪೇಟೆಯಲ್ಲಿ ನಿನ್ನ ಅಮ್ಮ ಸಿಕ್ಕಿದ್ದರು. "ಕರೆಂಟ್ ಹೋದಾಗ ಸ್ವಿಚ್ ಆಫ್ ಮಾಡೂಕೆ ಎಂತ ಆಗಿತ್ತು ಇವ್ಳಿಗೆ? ಕರೆಂಟ್ ಬಂದ್ರೆ ಅದು ತಿರ್ಗೂದಿಲ್ವಾ? ಯಾವಾಗ ನೋಡಿದ್ರೂ ಗಡಿಬಿಡಿ," ಎಂದರು. ನೀನೂ "ನಂದೇ ತಪ್ಪು" ಎಂದು ಅಳುತ್ತೀಯಂತೆ. ನಾನು ತಲೆ ತಗ್ಗಿಸಿ ಬಾಳೆಕಾಯಿ ಆರಿಸುತ್ತ ನಿಂತೆ.

ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದೀಯಂತೆ. ಆ ಕೈಗೂ ನಿನ್ನ ಹದ ಬೇಗ ಬರಲಿ, ನೋವಿಲ್ಲದೆ ನಿದ್ದೆ ಬರಲಿ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ಮಾಲಿನಿ

ತಾ.ಕ.: ಆ ಹೊತ್ತಿಗೆ ಕರೆಂಟ್ ಹೋಗಿರಲಿಲ್ಲ. ಬೆಳಿಗ್ಗೆಯಿಂದ ಮೂರು ಸಲ ಹೋಗಿ ಬಂದಿತ್ತಲ್ಲ, ಅದನ್ನೇ ಹಿಡಿದುಕೊಂಡು, ಕರೆಂಟ್ ಬಂದು ಲೇತು ತಾನಾಗಿ ತಿರುಗಿತು ಎಂದು ಆಸ್ಪತ್ರೆಯಲ್ಲಿ ನಿನಗೆ ಸುಳ್ಳು ಹೇಳಿದೆ. ಹಳದಿ ಮರದಲ್ಲಿ ನಿನ್ನ ನೀಲಿ ತಿರುಗುವಾಗ ಹೇಗೆ ಕಾಣುತ್ತದೋ ನೋಡುವ ಆಸೆಗೆ ತಡೆಯಲಾಗಲಿಲ್ಲ. ಸ್ವಿಚ್ ಒತ್ತಿದವಳು ನಾನು. ಅವತ್ತೊಂದು ದಿನ ನಾನು "ಕೈ ತೆಗಿ" ಅನ್ನಲಿಲ್ಲ.